ಮುಖ ನೋಡುತ್ತಿದ್ದ ಸಿಸ್ಟರ್

ಈ ಮಾತನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದೆ. ಮೊದಲು ಅಕ್ಕನ ಮಗನ ಸಿಟ್ಟು ಇಳಿಯಲಿ ಎಂದುಕೊಂಡೆ. ಅವನ ಸಿಟ್ಟು ಇಳಿಯಿತು. ನೌಕರಿ ಬಿಟ್ಟ ಮೇಲೆ ಹೇಳೋಣ ಎಂದುಕೊಂಡೆ. ನೌಕರಿಯೂ ಮುಗಿಯಿತು. ಅಕ್ಕ ತೀರಿಕೊಂಡ ಮೇಲಂತೂ ‘ಹೇಳಿದೆಯಾ?’ ಎಂದು ಕೇಳುವವರೇ ಉಳಿಯಲಿಲ್ಲ. ಕೇಳುವವರಿಲ್ಲದಿದ್ದರೆ ಮನುಷ್ಯ ಒಂದು ಸತ್ಯವನ್ನು ಎಷ್ಟು ದಿನ ಬೇಕಾದರೂ ಒಳಗಿಟ್ಟುಕೊಂಡು ಓಡಾಡಬಹುದು. ಹೋದ ತಿಂಗಳು ನಾನೇ ಆಸ್ಪತ್ರೆಯ ಮಂಚದ ಮೇಲೆ ಮಲಗಿದೆ. ಅಲ್ಲಿ ನನ್ನನ್ನು ಕೇಳುವವರೊಬ್ಬರು ಬಂದರು. ಅದಕ್ಕೆ ಬರೆಯುತ್ತಿದ್ದೇನೆ.

ನಾನು ವಿಜಾಪುರದ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಪುಣೆಗೆ ಬಂದು, ಸದಾಶಿವ ಪೇಠದ ಒಂದು ಸಗಟು ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲೇ ಮುದುಕನಾದೆ. ಅಂಗಡಿಯ ಕೆಲಸದ ಜೊತೆಗೆ ನನಗೆ ಇನ್ನೊಂದು ಕೆಲಸವಿತ್ತು. ನಮ್ಮ ಕಡೆಯ ಜನಕ್ಕೆ ಜ್ವರ ಬಿಡದೆ ಹೋದರೆ, ಹೊಟ್ಟೆಯಲ್ಲಿ ಗಂಟು ಕಂಡರೆ, ಸೊಲ್ಲಾಪುರ ದಾಟಿ ಪುಣೆಗೇ ಬರುತ್ತಾರೆ. ಬಂದವರಿಗೆ ಮರಾಠಿ ಬಾರದು. ನಾನು ಅವರನ್ನು ಬಸ್ಸಿನಿಂದ ಇಳಿಸಿಕೊಂಡು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಡಾಕ್ಟರ ಮಾತನ್ನು ಅವರಿಗೂ ಅವರ ಮಾತನ್ನು ಡಾಕ್ಟರಿಗೂ ಹೇಳುತ್ತಿದ್ದೆ. ‘ಪುಣೆಯೊಳಗ ಅವ ಅದಾನ, ಹೆದರಬ್ಯಾಡ್ರಿ’ ಎಂದು ಊರಿನ ಕಟ್ಟೆಯ ಮೇಲೆ ಜನ ಆಡಿಕೊಳ್ಳುತ್ತಾರೆಂದು ಕೇಳಿದಾಗ ನನ್ನ ಎದೆ ಉಬ್ಬುತ್ತಿತ್ತು. ಅಂಗಡಿಯಲ್ಲಿ ಗಲ್ಲಾದ ಹಿಂದೆ ಕೂತವನಿಗೆ ಬೇರೆ ಯಾವ ದೊಡ್ಡಸ್ತಿಕೆ ಇತ್ತು?

ಆ ಸಿಸ್ಟರ್ ಪರಿಚಯವಾದದ್ದು ಈ ಓಡಾಟದಲ್ಲೇ. ಆಗ ಅವರಿಗೆ ನಲವತ್ತರ ಆಸುಪಾಸು. ಕೊಂಕಣದವರು, ಉದ್ದ ಆಳು, ಗಡಸು ದನಿ. ನನ್ನನ್ನು ‘ಕಾಕಾ’ ಎನ್ನುತ್ತಿದ್ದರು. ನಾನು ‘ಸಿಸ್ಟರ್’ ಎನ್ನುತ್ತಿದ್ದೆ. ಎದೆಯ ಮೇಲೆ ಹೆಸರಿನ ಬಿಲ್ಲೆ ಇತ್ತು. ನಾನು ಎಂದೂ ಅದನ್ನು ಓದಲಿಲ್ಲ. ಅವರು ಆಡಿದ್ದು ಮರಾಠಿ. ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಸಲ ಯಾವ ಮಾತನ್ನೂ ಕಡಿದಿಲ್ಲ.

ಒಮ್ಮೆ ಅಥಣಿಯ ಕಡೆಯ ಒಬ್ಬ ಕಾಳಿನ ವ್ಯಾಪಾರಿಯನ್ನು ಕರೆದೊಯ್ದಿದ್ದೆ. ಬರೀ ನೆಗಡಿ, ಮೈಕೈ ನೋವು. ಡಾಕ್ಟರು ನೋಡಿ, ಇದು ತಾನಾಗಿಯೇ ಹೋಗುವ ಜ್ವರ, ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಸಾಹುಕಾರರಿಗೆ ಅವಮಾನವಾಯಿತು.

“ಅಷ್ಟು ದೂರಿಂದ ಬಂದೀನಿ, ಬರೇ ಗುಳಿಗಿ ಕೊಟ್ಟು ಕಳಸ್ತೀರೇನು? ಸಲಾಯಿನ್ ಹಚ್ಚಿ ಒಂದು ಭಾರೀ ಇಂಜೆಕ್ಷನ್ ಹಾಕಸ್ರಿ,” ಎಂದು ನನ್ನನ್ನು ಹಿಡಿದರು.

ನಾನು ಸಿಸ್ಟರ್ ಹತ್ತಿರ ಹೋಗಿ ಮೆಲ್ಲಗೆ ಶಿಫಾರಸು ಮಾಡಿದೆ. ಅವರು ಕೈಯಲ್ಲಿದ್ದ ಟ್ರೇ ಕೆಳಗಿಟ್ಟರು.

“ಕಾಕಾ, ನಿಮ್ಮ ಸಾಹುಕಾರ್ರನ್ನ ಒಂದ್ ಮಾತು ಕೇಳ್ರಿ. ಮನಿಯೊಳಗ ಇಲಿ ಬಂದ್ರ ತೋಪು ತರಸ್ತಾರೇನು?”

ನಾನು ಕೇಳಿದೆ. ಸಾಹುಕಾರರೂ ಏನು ಕಡಿಮೆಯಲ್ಲ. “ಇಲಿ ದೊಡ್ಡದಿದ್ರ ತರಸ್ತೀನಿ ಅಂತ ಹೇಳ್ರಿ,” ಎಂದರು.

“ಹಂಗಾದ್ರ ಇಲಿ ಓಡಿಹೋಗ್ತದ, ಗ್ವಾಡಿ ಬೀಳ್ತದ,” ಎಂದರು ಸಿಸ್ಟರ್. “ನಾಳೆ ಖರೇನ ಕಳ್ಳ ಬಂದಾಗ ತೋಪು ಹಾರೂದಿಲ್ಲ. ಅದನ್ನೂ ಹೇಳ್ರಿ.”

ಸಾಹುಕಾರರು ಕೆಮ್ಮುತ್ತಲೇ ನಕ್ಕರು. ಗುಳಿಗೆ ತೆಗೆದುಕೊಂಡು ಊರಿಗೆ ಹೋದರು, ನೆಗಡಿಯೂ ಹೋಯಿತು.

ಬೇಡದ ಕಡೆ ಹೀಗೆ ಬೇಡ ಎನ್ನುತ್ತಿದ್ದವರು, ಬೇಕಾದ ಕಡೆ ಆ ಭಾರೀ ಆಂಟಿಬಯೋಟಿಕ್ ಔಷಧವನ್ನು ಕೊಡುತ್ತಿದ್ದ ರೀತಿ ನೋಡುವಂತಿತ್ತು. ಸೆಫ್ಟ್ರಿಯಾಕ್ಸೋನ್ ಎಂಬ ಹೆಸರು ಆ ವಾರ್ಡಿನಲ್ಲಿ ಓಡಾಡಿದ ನನಗೂ ಬಾಯಿಪಾಠವಾಗಿತ್ತು. ಗಾಜಿನ ಸಣ್ಣ ಶೀಶೆಯಲ್ಲಿ ಬಿಳಿ ಪುಡಿ. ಅದಕ್ಕೆ ನೀರು ಸೇರಿಸಿ, ಹೂಬತ್ತಿ ಹೊಸೆಯುವಂತೆ ಎರಡು ಅಂಗೈ ನಡುವೆ ಶೀಶೆಯನ್ನು ಉರುಳಿಸುತ್ತಿದ್ದರು. ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ ಉಳಿದಿದ್ದರೂ ಮತ್ತೆ ಉರುಳಿಸುತ್ತಿದ್ದರು. ಸ್ಟ್ಯಾಂಡಿಗೆ ಯಾವ ಬಾಟಲಿ ತೂಗುಹಾಕಿದೆ ಎಂದು ತಲೆ ಎತ್ತಿ ಓದುತ್ತಿದ್ದರು. ಕೆಲವು ಬಾಟಲಿಗಳಲ್ಲಿ ಸುಣ್ಣದ ಅಂಶ ಇರುತ್ತದಂತೆ. ಅದು ಈ ಔಷಧದ ಜೊತೆ ಸೇರಿದರೆ ಒಡೆದ ಹಾಲಿನಂತೆ ಕಣಕಣವಾಗುತ್ತದಂತೆ. ಅಂಥ ಬಾಟಲಿ ಇದ್ದರೆ ಅದನ್ನು ನಿಲ್ಲಿಸಿ, ಸಾದಾ ಸಲಾಯಿನ್‌ನಿಂದ ನಳಿಕೆ ತೊಳೆದೇ ಮುಂದಿನ ಕೆಲಸ. ‘ಬಾಟಲಿಯೊಳಗೇ ಕೂಡಿಸಿ ಬಿಡ್ರಿ ಸಿಸ್ಟರ್, ನಿಮಗೂ ಹಗುರ’ ಎಂದು ರೋಗಿಯ ಕಡೆಯವರು ಹೇಳಿದರೆ, ‘ನನಗ ಹಗುರ ಆಗ್ತದ, ಇವರ ರಗತಕ್ಕ ಆಗೂದಿಲ್ಲ’ ಎನ್ನುತ್ತಿದ್ದರು.

ಔಷಧ ಏರಿಸುವಾಗ ಅವರು ಸಿರಿಂಜಿನ ಕಡೆ ನೋಡುತ್ತಿರಲಿಲ್ಲ. ಹೆಬ್ಬೆರಳು ತನ್ನಷ್ಟಕ್ಕೆ ನಿಧಾನವಾಗಿ ಒತ್ತುತ್ತಿತ್ತು; ಕಣ್ಣು ರೋಗಿಯ ಮುಖದ ಮೇಲೆ. ಹೊಸದಾಗಿ ಬಂದ ನರ್ಸುಗಳಿಗೂ ಅದೇ ಪಾಠ. “ಸಿರಿಂಜು ಎಲ್ಲೂ ಓಡಿಹೋಗೂದಿಲ್ಲ. ಮುಖ ನೋಡು. ಮೊದಲ ಸುದ್ದಿ ಮುಖಕ್ಕ ಬರ್ತದ.” ಮೊದಲು ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯ ಚುಕ್ಕಿಯನ್ನು ಅವರೂ ಮಾಡುತ್ತಿದ್ದರು, ಆದರೆ ಅದನ್ನು ನಂಬುತ್ತಿರಲಿಲ್ಲ. “ಅದು ರೂಢಿ. ಪೇಶಂಟ್ ಬಾಯಿಲೆ ಏನ ಹೇಳ್ತಾರ, ಅದು ದೊಡ್ಡದು.” ಅದಕ್ಕೇ ಮೊದಲ ಇಂಜೆಕ್ಷನ್ನಿಗೆ ಮುಂಚೆ ಸ್ಟೂಲು ಎಳೆದುಕೊಂಡು ಕೂತು ಕೇಳುತ್ತಿದ್ದರು. ನಿಂತು ಕೇಳಿದರೆ ಜನ ಬೇಗ ಉತ್ತರ ಹೇಳಿ ಕಳಿಸಿಬಿಡುತ್ತಾರೆ ಎಂಬುದು ಅವರ ಲೆಕ್ಕ. ಮರುದಿನದಿಂದ ಡಾಕ್ಟರು ಸುತ್ತು ಬಂದಾಗಲೆಲ್ಲ ಒಂದೇ ರಾಗ: “ಸರ್, ಇವತ್ತೂ ಬೇಕೇನ್ರಿ? ರಿಪೋರ್ಟ್ ಬಂತೇನ್ರಿ? ಗುಳಿಗಿ ಸಾಕಾಗೂದಿಲ್ಲೇನ್ರಿ?” ಹುಡುಗ ಡಾಕ್ಟರುಗಳು ಅವರನ್ನು ಕಂಡರೆ ಮೊದಲೇ ರಿಪೋರ್ಟ್ ಹುಡುಕುತ್ತಿದ್ದರು.

ಅವರ ಮನೆತನದ ಬಗ್ಗೆ ನನಗೆ ಹೆಚ್ಚು ತಿಳಿಯದು. ಮದುವೆಯಾಗಿರಲಿಲ್ಲ. ದೀಪಾವಳಿಗೆ, ಗಣಪತಿಗೆ ಉಳಿದವರು ರಜೆ ಕೇಳಿದರೆ ಇವರು ಡ್ಯೂಟಿ ಕೇಳುತ್ತಿದ್ದರು. ಮಧ್ಯಾಹ್ನ ಚಾದರ ಇಡುವ ಕೋಣೆಯ ಕಿಟಕಿಯ ಬಳಿ ಒಬ್ಬರೇ ಕೂತು ಉಣ್ಣುತ್ತಿದ್ದರು. ಒಮ್ಮೆ ನಾನು ಅತ್ತ ಹೋದಾಗ ಡಬ್ಬಿಯ ಮುಚ್ಚಳದಲ್ಲಿ ಒಂದು ಲಿಂಬೆ ಉಪ್ಪಿನಕಾಯಿಯ ಹೋಳು ಇಟ್ಟು ನನ್ನ ಮುಂದೆ ಚಾಚಿದರು. “ತಿನ್ರಿ ಕಾಕಾ. ಒಬ್ಬಾಕಿ ಸಲುವಾಗಿ ಹಾಕಿದ ಉಪ್ಪಿನಕಾಯಿ ಮುಗಿಯೂದೇ ಇಲ್ಲ,” ಎಂದು ನಕ್ಕರು. ನಾನು ಉಪ್ಪಿನಕಾಯಿ ತಿಂದೆ.

ಆಮೇಲೆ ನನ್ನ ಅಕ್ಕನ ಸರದಿ ಬಂತು.

ಅಕ್ಕನಿಗೆ ಚಳಿಜ್ವರ, ಸೊಂಟದಲ್ಲಿ ಹಿಡಿದುಕೊಂಡಂಥ ನೋವು. ಊರಿನವರೊಬ್ಬರು ಬಸ್ಸಿನಲ್ಲಿ ಕರೆತಂದು ನನಗೆ ಒಪ್ಪಿಸಿ ಹೋದರು. ಮೂತ್ರಪಿಂಡಕ್ಕೆ ಸೋಂಕು ಏರಿದೆ, ರಕ್ತದಲ್ಲಿ ಹರಡುವ ಮೊದಲು ಆಂಟಿಬಯೋಟಿಕ್ ನರಕ್ಕೇ ಕೊಡಬೇಕು ಎಂದರು ಡಾಕ್ಟರು. ಸಿಸ್ಟರ್ ಸ್ಟೂಲು ಎಳೆದುಕೊಂಡು ಅಕ್ಕನ ಮುಂದೆ ಕೂತರು.

“ಕಾಕಾ, ಕೇಳ್ರಿ. ಈ ಮೊದಲ ಯಾವುದಾದ್ರೂ ಔಷಧ, ಇಂಜೆಕ್ಷನ್ ತಗೊಂಡಾಗ ತ್ರಾಸ ಆಗಿತ್ತೇನು? ಮೈಮ್ಯಾಲೆ ತುರಿಸೂ ಗಂಧಿ, ಬಾವು, ದಮ್ಮು?”

ನಾನು ಕನ್ನಡದಲ್ಲಿ ಕೇಳಿದೆ. ಜ್ವರದ ನಡುವೆಯೂ ಅಕ್ಕನಿಗೆ ಮಾತಿನ ಹುಮ್ಮಸ್ಸು.

“ಆಗಿತ್ತಲ್ಲೋ ತಮ್ಮಾ! ಸಣ್ಣ ಮಗಳ ಮದುವಿ ವರ್ಷ ನನಗ ಕೆಮ್ಮು ಹತ್ತಿತ್ತು ನೋಡು, ಆಗ ಸಂತಿ ಊರಿನ ಡಾಕ್ಟರ ಸೂಜಿ ಮಾಡಿದ್ದ. ಮನಿ ಮುಟ್ಟೂದ್ರಾಗ ತುಟಿ ಬಾತು ಹಿಂಗಾದ್ವು. ಮೈ ತುಂಬ ಗಂಧಿ. ಮದುವಿ ಸೀರಿ ಉಟಗೊಂಡು ಊರೆಲ್ಲಾ ತಿರುಗಿದ್ನಲ್ಲ, ಯಾರದೋ ದೃಷ್ಟಿ ತಾಕ್ಯದ ಅಂತ ನಮ್ಮತ್ತಿ ಉಪ್ಪು-ಸಾಸಿವಿ ಇಳಿಸಿ ಒಲಿಗೆ ಹಾಕಿದ್ಲು. ಚಟಚಟ ಅಂತು ಒಲಿ! ಸಂಜಿ ಅನ್ನೂದ್ರಾಗ ಎಲ್ಲಾ ಇಳೀತು.”

ಪಕ್ಕದ ಮಂಚದ ಬಳಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಇಂಗ್ಲಿಷ್ ಪತ್ರಿಕೆ ಓದುತ್ತ ಕೂತಿದ್ದಳು. ಅತ್ತ ಇಬ್ಬರು ಹುಡುಗ ಡಾಕ್ಟರುಗಳು ನಿಂತಿದ್ದರು. ನಾನು ಆ ವಾರ್ಡಿನಲ್ಲಿ ಪುಣೆಯವನು, ತಿಳಿದವನು. ಅವರೆಲ್ಲರ ಮುಂದೆ ನನ್ನ ಸ್ವಂತ ಅಕ್ಕನ ಉಪ್ಪು-ಸಾಸಿವೆಯ ಕಥೆಯನ್ನು ಮರಾಠಿಯಲ್ಲಿ ಹೇಳಲು ನಾಲಿಗೆ ಏಳಲಿಲ್ಲ.

“ಕಾಹೀ ನಾಹೀ,” ಎಂದೆ. ಏನೂ ಇಲ್ಲ.

ಸಿಸ್ಟರ್ ನನ್ನ ಮುಖ ನೋಡಿದರು. “ಅವರು ಇಷ್ಟುದ್ದ ಮಾತಾಡಿದ್ರು, ಕಾಕಾ. ನಿಮ್ಮ ಮರಾಠಿಯೊಳಗ ಎರಡ ಶಬ್ದ ಆತೇನು?”

“ಹೆಣ್ಣಮಕ್ಕಳ ಮಾತು, ಸಿಸ್ಟರ್. ಮದುವಿ ಸೀರಿ ಕಥಿ ಹೇಳಾಕತ್ತಾಳ.”

“ಇನ್ನೊಮ್ಮೆ ಕೇಳ್ರಿ.”

ನಾನು ಅಕ್ಕನ ಕಡೆ ತಿರುಗಿದೆ. ಆದರೆ ಅವರು ಕೇಳಿದ್ದನ್ನು ಕೇಳಲಿಲ್ಲ. “ಈಗ ಮೈಮ್ಯಾಲೆ ಗಂಧಿ-ಗಿಂಧಿ ಏನೂ ಇಲ್ಲಲ್ಲ?” ಎಂದೆ. “ಈಗೆಲ್ಲಿ?” ಎಂದು ಅಕ್ಕ ತಲೆಯಾಡಿಸಿದಳು. ಆ ತಲೆಯಾಡಿಸಿದ್ದನ್ನು ಸಿಸ್ಟರ್ ನೋಡಿದರು, ನಂಬಿದರು.

ಪರೀಕ್ಷೆಯ ಚುಕ್ಕಿ ಏನೂ ಹೇಳಲಿಲ್ಲ. ಅವರು ಶೀಶೆ ಉರುಳಿಸಿದರು, ಬೆಳಕಿಗೆ ಹಿಡಿದರು, ನಳಿಕೆ ತೊಳೆದರು. ಹೆಬ್ಬೆರಳು ಒತ್ತತೊಡಗಿತು. ಸ್ವಲ್ಪ ಹೊತ್ತಿಗೆ ಅಕ್ಕ ಕೈಯಿಂದ ತುಟಿ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಅಷ್ಟೇ. ನಾನಾಗಿದ್ದರೆ ನೊಣ ಕೂತಿತೆಂದುಕೊಳ್ಳುತ್ತಿದ್ದೆ. ಸಿಸ್ಟರ್ ಅವರ ಹೆಬ್ಬೆರಳು ನಿಂತಿತು.

ಮುಂದಿನದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನಡೆಯಿತು. ಅಕ್ಕನ ಕಣ್ಣು ಬಾತವು, ಉಸಿರು ಸಿಳ್ಳೆ ಹಾಕತೊಡಗಿತು, ಕುತ್ತಿಗೆ ಕೆಂಪಾಯಿತು. ಸಿಸ್ಟರ್ ಔಷಧದ ನಳಿಕೆ ಕಳಚಿ, ಟ್ರೇಯಲ್ಲಿ ಮೊದಲೇ ತೆಗೆದಿಟ್ಟುಕೊಂಡಿದ್ದ ಇನ್ನೊಂದು ಇಂಜೆಕ್ಷನ್ನನ್ನು ಅಕ್ಕನ ತೊಡೆಗೆ ಚುಚ್ಚಿದರು. ಡಾಕ್ಟರರನ್ನು ಕೂಗಿದರು, ಕಾಲ ಕೆಳಗೆ ದಿಂಬು ಸೇರಿಸಿದರು, ಮೂಗಿಗೆ ಆಮ್ಲಜನಕ ಹಚ್ಚಿದರು. ನಾನು ಗೋಡೆಗೆ ಅಂಟಿ ನಿಂತಿದ್ದೆ. ನನ್ನ ಬಾಯಲ್ಲಿ ಇನ್ನೂ ಆ ಕಥೆ ಇತ್ತು. ಆಗಲೂ ಹೊರಗೆ ಬರಲಿಲ್ಲ.

ಅಕ್ಕ ಉಳಿದಳು. “ಸಿಸ್ಟರ್ ಅರ್ಧಕ್ಕೇ ನಿಲ್ಲಿಸಿದ್ದಕ್ಕೆ ಉಳಿದರು,” ಎಂದರು ಡಾಕ್ಟರು. ಬೇರೆ ಜಾತಿಯ ಔಷಧ ಕೊಟ್ಟು ಸೋಂಕು ಇಳಿಸಿದರು. ಆದರೆ ಊರಿನಿಂದ ಬಂದ ಅಕ್ಕನ ಮಗನಿಗೆ ಇದೆಲ್ಲ ಬೇಕಿರಲಿಲ್ಲ. “ನಮ್ಮವ್ವನ್ನ ಕೊಲ್ಲಾಕತ್ತಿದ್ರು! ಕೇಳದ ಮಾಡದ ಸೂಜಿ ಚುಚ್ಯಾರ!” ಎಂದು ವಾರ್ಡಿನಲ್ಲಿ ಕೂಗಾಡಿದ. ಜನ ಸೇರಿದರು. ಮರುದಿನ ಆಸ್ಪತ್ರೆಯ ಆಡಳಿತಾಧಿಕಾರಿ ನಮ್ಮನ್ನು ಆಫೀಸಿಗೆ ಕರೆಸಿದರು. ಸಿಸ್ಟರ್, ನಾನು, ಅಕ್ಕನ ಮಗ.

“ನಾ ಕೇಳಿದ್ದೆ. ಏನೂ ಇಲ್ಲ ಅಂದ್ರು,” ಎಂದರು ಸಿಸ್ಟರ್.

ಅಧಿಕಾರಿ ನನ್ನ ಕಡೆ ತಿರುಗಿದರು. “ನೀವೇ ಅಲ್ವಾ ಮಾತು ತಿಳಿಸಿದ್ದು? ಕೇಳಿದ್ರಾ ಇವರು?”

ಅಕ್ಕನ ಮಗ ನನ್ನನ್ನು ನೋಡುತ್ತಿದ್ದ. ಅವನ ಬೆನ್ನ ಹಿಂದೆ ನಮ್ಮ ಊರು ಪೂರ್ತಿ ನಿಂತು ನೋಡುತ್ತಿರುವಂತೆ ಅನಿಸಿತು. ಕೇಳಿದ್ದರು ಎಂದರೆ, ಅಕ್ಕ ಏನಂದಳು ಎಂಬ ಪ್ರಶ್ನೆ ಬರುತ್ತದೆ. ಆಮೇಲೆ ‘ಪುಣೆಯೊಳಗ ಅವ ಅದಾನ’ ಎಂದು ಕಟ್ಟೆಯ ಮೇಲೆ ಯಾರೂ ಹೇಳುವುದಿಲ್ಲ.

“ಗಡಿಬಿಡಿ ಇತ್ತು ಸಾಹೇಬರ. ಕೇಳಿದ್ದು ನೆನಪಾಗೂದಿಲ್ಲ,” ಎಂದೆ.

ಸಿಸ್ಟರ್ ನನ್ನ ಮುಖವನ್ನೇ ನೋಡುತ್ತಿದ್ದರು, ರೋಗಿಯ ಮುಖ ನೋಡುವ ಹಾಗೆ. ಇನ್ನೂ ಏನೋ ಬರುತ್ತದೆ ಎಂದು ಕಾದರು. ಬರಲಿಲ್ಲ. ಆಮೇಲೆ ನೆಲ ನೋಡಿದರು.

ವಾರ್ಡಿನಲ್ಲಿ ಕಸ ಬಳಿಯುವ ಒಬ್ಬ ಮಾವಶಿ ಇದ್ದಳು, ಕಲಬುರಗಿಯ ಕಡೆಯವಳು. ಅಕ್ಕನಿಗೆ ಇಂಜೆಕ್ಷನ್ ಕೊಟ್ಟ ದಿನ ರಜೆಯ ಮೇಲಿದ್ದವಳು ಆಮೇಲೆ ಬಂದಳು. ನಾವು ಆಫೀಸಿಗೆ ಹೋಗಿದ್ದ ದಿನವೇ ಮಧ್ಯಾಹ್ನ ನಾನು ಅಕ್ಕನಿಗೆ ಗಂಜಿ ತಂದಾಗ, ಪರದೆಯ ಆಚೆ ಸಿಸ್ಟರ್ ಸ್ಟೂಲಿನ ಮೇಲೆ ಕೂತಿದ್ದರು, ಮಾವಶಿ ಪಕ್ಕದಲ್ಲಿ ನಿಂತಿದ್ದಳು. ಅಕ್ಕ ಅದೇ ಕಥೆಯನ್ನು ಮತ್ತೆ ಹೇಳುತ್ತಿದ್ದಳು. ಮಾವಶಿ ಒಂದು ಮಾತೂ ಬಿಡದೆ ಮರಾಠಿಯಲ್ಲಿ ಒಪ್ಪಿಸುತ್ತಿದ್ದಳು. ಒಲೆ ಚಟಚಟ ಎಂದದ್ದನ್ನೂ ಬಿಡಲಿಲ್ಲ.

ಸಿಸ್ಟರ್ ತಿರುಗಿ ನನ್ನನ್ನು ಕಂಡರು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

“ನಮ್ಮ ಕೊಂಕಣದಾಗೂ ಇಳಸ್ತಾರ, ಕಾಕಾ,” ಎಂದರು. “ಉಪ್ಪು-ಸಾಸಿವಿ. ನಮ್ಮವ್ವನೂ ಇಳಸ್ತಿದ್ಲು. ಇದರಾಗ ನಾಚಿಕಿ ಏನದ?” ಸ್ವಲ್ಪ ತಡೆದು, ತಮಗೆ ತಾವೇ ಹೇಳಿಕೊಂಡಂತೆ, “ನಾ ಗಂಧಿ ಬಂದಿತ್ತೇನು ಅಂತ ಕೇಳಿದೆ. ಸೂಜಿ ಆದ ಮ್ಯಾಲೆ ದೃಷ್ಟಿ ತೆಗಿಸಿದ್ರೇನು ಅಂತ ಕೇಳಲಿಲ್ಲ. ಅದನ್ನ ಕೇಳಬೇಕಿತ್ತು,” ಎಂದರು.

“ಆಫೀಸಿಗೆ ಹೋಗಿ ಹೇಳೂಣ ನಡೀರಿ ಸಿಸ್ಟರ್‌ಬಾಯಿ, ನಾ ಬರ್ತೀನಿ,” ಎಂದಳು ಮಾವಶಿ.

“ಬ್ಯಾಡ. ಪೇಶಂಟ್ ಇನ್ನೂ ಮಂಚದ ಮ್ಯಾಲೆ ಅದಾಳ. ಮನಿಯವರ ನಡುವ ಜಗಳ ಹಚ್ಚಿ ಕಳಸೂದು ಬ್ಯಾಡ.”

ಆ ಗಳಿಗೆಯಲ್ಲಿ ಹೇಳುವುದು ಎಷ್ಟು ಸುಲಭವಿತ್ತು. ನೀವು ಸರಿಯಾಗೇ ಕೇಳಿದಿರಿ, ಅಕ್ಕ ಸರಿಯಾಗೇ ಹೇಳಿದಳು, ನಡುವೆ ನಾನು ನುಂಗಿದೆ, ನಡೆಯಿರಿ ಆಫೀಸಿಗೆ. ನಾನು ಹೇಳಿದ್ದು ಇಷ್ಟು: “ಗಂಜಿ ಆರತದ.”

ಅವರು ಎದ್ದು ಸ್ಟೂಲನ್ನು ನನಗೆ ಬಿಟ್ಟುಕೊಟ್ಟು ಹೋದರು.

ಅಕ್ಕ ಗಂಜಿ ಕುಡಿಯುತ್ತ ಕೇಳಿದಳು. “ನಾ ಹೇಳಿದ್ನಲ್ಲೋ ತಮ್ಮಾ. ನೀ ಅಕಿಗೆ ಹೇಳಲಿಲ್ಲೇನು?”

“ಹೇಳಿದ್ದೆ. ಅಕಿಗೆ ತಿಳೀಲಿಲ್ಲ.”

ಅಕ್ಕ ಬಟ್ಟಲು ಕೆಳಗಿಟ್ಟು ಗೋಡೆಯ ಕಡೆ ಹೊರಳಿದಳು. ನನ್ನನ್ನು ಎತ್ತಿ ಆಡಿಸಿದವಳು. ನನ್ನ ಸುಳ್ಳಿನ ದನಿ ಅವಳಿಗೆ ಗೊತ್ತು. ಮಗನ ಮುಂದೆ ಮಾತ್ರ ಕೊನೆಯವರೆಗೂ ಬಾಯಿ ಬಿಡಲಿಲ್ಲ.

ಸಿಸ್ಟರ್ ಅವರನ್ನು ವಾರ್ಡಿನಿಂದ ತೆಗೆದು ನೆಲಮಾಳಿಗೆಯ ಕೋಣೆಗೆ ಹಾಕಿದರು. ಗಾಯಕ್ಕೆ ಇಡುವ ಗಾಜ್ ಬಟ್ಟೆಯನ್ನು ಕತ್ತರಿಸಿ, ಮಡಚಿ, ಕಟ್ಟು ಕಟ್ಟಿ ಕುದಿಹಬೆಯ ಡಬ್ಬಕ್ಕೆ ಕಳಿಸುವ ಕೆಲಸ. ವಾರ್ಡಿನ ಮುಖ್ಯಸ್ಥೆಯಾಗುವ ಸರದಿ ಅವರದೇ ಇತ್ತಂತೆ. ಅದು ಬೇರೆಯವರಿಗೆ ಹೋಯಿತು. ಮುಖ ನೋಡಿಯೇ ಬದುಕಿದ್ದವರಿಗೆ ಆ ಕೋಣೆಯಲ್ಲಿ ನೋಡಲು ಒಂದು ಮುಖವೂ ಇರಲಿಲ್ಲ.

ಅಕ್ಕ ಊರಿಗೆ ಹೋದ ಮೇಲಿನ ಮೊದಲ ನಾಗರಪಂಚಮಿಗೆ ಬಸ್ಸಿನಲ್ಲಿ ಒಂದು ಡಬ್ಬಿ ಕಳಿಸಿದಳು. ಶೇಂಗಾ ಹೋಳಿಗೆ. ಫೋನಿನಲ್ಲಿ ಹೇಳಿದಳು, “ನಿನಗಲ್ಲ. ಆ ಸಿಸ್ಟರ್‌ಬಾಯಿಗೆ. ಕೊಟ್ಟು, ತಪ್ಪಾತು ಅನ್ನು.”

“ಹ್ಞೂ.”

“ಅಕಿ ಹೆಸರೇನೋ?”

“ಸಿಸ್ಟರ್.”

“ಸಿಸ್ಟರ್ ಅನ್ನೂದು ಹೆಸರೇನು? ಹೆಸರಿಲ್ಲದ ಮನುಷ್ಯಾರು ಇರ್ತಾರೇನೋ ಹುಚ್ಚಾ?”

“ಕೇಳ್ತೀನಿ.”

ಡಬ್ಬಿ ಹಿಡಿದು ನೆಲಮಾಳಿಗೆಯ ಮೆಟ್ಟಿಲು ಇಳಿದೆ. ಬಾಗಿಲು ಅರ್ಧ ತೆರೆದಿತ್ತು. ಅವರು ಬೆನ್ನು ಮಾಡಿ ಕೂತು ಗಾಜ್ ಮಡಚುತ್ತಿದ್ದರು. ಮೇಜಿನ ಆಚೆ ಹೊಸ ನರ್ಸ್ ಹುಡುಗಿಯೊಬ್ಬಳು ಕೂತಿದ್ದಳು. ಅವರು ಏನೋ ಹೇಳಿಕೊಡುತ್ತಿದ್ದರು, ಹುಡುಗಿ ತೊದಲುತ್ತ ತಿರುಗಿ ಹೇಳುತ್ತಿದ್ದಳು. ಏನೆಂದು ಕೇಳಿಸಲಿಲ್ಲ. ಕೇಳಿಸಿಕೊಳ್ಳುವಷ್ಟು ಹೊತ್ತು ನಾನು ನಿಲ್ಲಲೂ ಇಲ್ಲ. ಬಸ್ ಸ್ಟಾಪಿಗೆ ಬಂದು ಕೂತು ಒಂದು ಹೋಳಿಗೆ ತಿಂದೆ. ಉಳಿದವನ್ನು ಅಂಗಡಿಯಲ್ಲಿ ಹಂಚಿದೆ. ‘ಭಾಳ ಛಲೋ ಆಗ್ಯಾವ’ ಎಂದು ಎಲ್ಲರೂ ಹೊಗಳಿದರು. ಸಂಜೆ ಅಕ್ಕನಿಗೆ ಫೋನು ಮಾಡಿ ಹೇಳಿದೆ: ಕೊಟ್ಟೆ, ಖುಷಿಪಟ್ಟರು, ನೀ ಹೆಂಗ ಅದೀ ಅಂತ ಕೇಳಿದರು.

ಪ್ರತಿ ಪಂಚಮಿಗೂ ಡಬ್ಬಿ ಬಂತು. ಎರಡನೆಯ ಸಲದಿಂದ ನಾನು ನೆಲಮಾಳಿಗೆಗೆ ಇಳಿಯಲೂ ಇಲ್ಲ. ಆ ಆಸ್ಪತ್ರೆಗೆ ಜನರನ್ನು ಕರೆದೊಯ್ಯುವುದನ್ನೇ ಬಿಟ್ಟೆ. ಬೇರೆ ಆಸ್ಪತ್ರೆ ತೋರಿಸಿದೆ. ಅಕ್ಕ ಪ್ರತಿ ಸಲವೂ ಕೇಳುತ್ತಿದ್ದಳು: “ಹೆಸರು ಕೇಳಿದ್ಯಾ?” ಮುಂದಿನ ಸರ್ತಿ ಎನ್ನುತ್ತಿದ್ದೆ. ಒಂದು ಪಂಚಮಿಗೆ ಡಬ್ಬಿ ಬರಲಿಲ್ಲ. ಅದಕ್ಕೆ ಸ್ವಲ್ಪ ಮೊದಲು ಅಕ್ಕ ಹೋಗಿದ್ದಳು.

ಈಗ ನಾನು ಪುಣೆಯ ಕೊಂಢವಾ ಬಡಾವಣೆಯ ಒಂದು ಕೋಣೆಯಲ್ಲಿರುತ್ತೇನೆ. ಹೆಂಡತಿ ತೀರಿಕೊಂಡಿದ್ದಾಳೆ. ಮಕ್ಕಳಾಗಲಿಲ್ಲ. ಕನ್ನಡ ಮಾತಾಡಿ ಎಷ್ಟೋ ದಿನವಾಗಿರುತ್ತದೆ. ಒಮ್ಮೊಮ್ಮೆ ಚಹಾ ಮಾಡುವಾಗ ಸಕ್ಕರೆ ಡಬ್ಬಿಯ ಜೊತೆ ಮಾತಾಡುತ್ತೇನೆ. ಹೋದ ತಿಂಗಳು ಎದೆಯಲ್ಲಿ ಕಫ ಕಟ್ಟಿ ಉಸಿರು ಹಿಡಿಯಿತು. ಪಕ್ಕದ ಕೋಣೆಯ ಗೌಂಡಿ, ಗೋಡೆ ಕಟ್ಟುವ ಕೆಲಸದವನು, ರಿಕ್ಷಾದಲ್ಲಿ ಕೂಡಿಸಿದ. ಯಾವ ಆಸ್ಪತ್ರೆ ಎಂದು ರಿಕ್ಷಾದವನು ಕೇಳಿದಾಗ ನನ್ನ ಬಾಯಿಂದ ಬಂದದ್ದು ಅದೇ ಹಳೆಯ ಆಸ್ಪತ್ರೆಯ ಹೆಸರು. ಗೌಂಡಿ ನನ್ನನ್ನು ಮಂಚಕ್ಕೆ ಸೇರಿಸಿ ಕೆಲಸಕ್ಕೆ ಹೋದ.

ನ್ಯುಮೋನಿಯಾ ಎಂದರು. ಅದೇ ಬಿಳಿ ಪುಡಿಯ ಔಷಧ ಬರೆದರು. ಒಬ್ಬ ನರ್ಸ್ ಬಂದು ಸ್ಟೂಲು ಎಳೆದುಕೊಂಡು ಕೂತಳು. ಸಣ್ಣ ವಯಸ್ಸು, ಮರಾಠಿಯವಳು. ನನ್ನ ಹೆಸರು, ಊರು ಕೇಳಿಕೊಂಡಳು. ಆಮೇಲೆ ಶಾಲೆಯ ಮಗು ಪದ್ಯ ಒಪ್ಪಿಸುವಂತೆ ಕನ್ನಡದಲ್ಲಿ ಶುರುಮಾಡಿದಳು.

“ಅಜ್ಜಾ, ಮೊದಲ ಸೂಜಿ ಮಾಡಿದಾಗ ತುಟಿ ಬಾತಿದ್ವೇನ್ರಿ? ಗಂಧಿ ಎದ್ದಿದ್ವೇನ್ರಿ? ಸೂಜಿ ಆದ ಮ್ಯಾಲೆ ಯಾರಾದ್ರೂ ಉಪ್ಪು-ಸಾಸಿವಿ ಇಳಿಸಿ ದೃಷ್ಟಿ ತೆಗೆದಿದ್ರೇನ್ರಿ?”

ನನಗೆ ಮರಾಠಿ ಬರುತ್ತದೆ ಎಂದೆ. “ಬಂದರೂ ಊರಿನ ಭಾಷೆಯಲ್ಲೇ ಕೇಳಬೇಕು, ಪೇಶಂಟ್ ಬಾಯಿಂದಲೇ ಕೇಳಬೇಕು, ಜೊತೆಯಲ್ಲಿ ಬಂದವರ ಬಾಯಿಂದಲ್ಲ,” ಎಂದಳು ಮರಾಠಿಯಲ್ಲಿ. “ನಮ್ಮ ಹಳೆಯ ಸಿಸ್ಟರ್ ಕಲಿಸಿದ್ದು. ಹೊಸಬರೆಲ್ಲ ಮೊದಲು ಕೆಳಗಿನ ಗಾಜ್ ಕೋಣೆಗೆ ಹೋಗಬೇಕಿತ್ತು. ಮಡಚುತ್ತ ಮಡಚುತ್ತ ಇದನ್ನು ಬಾಯಿಪಾಠ ಮಾಡಿಸುತ್ತಿದ್ದರು. ಒಂದು ಶಬ್ದ ತಪ್ಪಿದರೆ ಮಡಚಿದ್ದನ್ನೆಲ್ಲ ಬಿಚ್ಚಿ ಹಾಕುತ್ತಿದ್ದರು, ನೋಡಿ!” ಎಂದು ನಕ್ಕಳು.

“ಅವರಿಗೆ ಕನ್ನಡ ಯಾರು ಕಲಿಸಿದರು?”

“ಇಲ್ಲಿ ಒಬ್ಬಳು ಮಾವಶಿ ಇದ್ದಳಂತೆ, ಅವಳ ಹತ್ತಿರ ಕಲಿತರಂತೆ.”

“ಈಗ ಎಲ್ಲಿದ್ದಾರೆ?”

“ರಿಟೈರ್ ಆಗಿ ಲೋಣಾವಳಾದಲ್ಲಿ ತಮ್ಮನ ಮನೆಯಲ್ಲಿದ್ದರು. ಕಳೆದ ಮಳೆಗಾಲದಲ್ಲಿ ಹೋದರು.” ಶೀಶೆಯನ್ನು ಅಂಗೈಗಳ ನಡುವೆ ಉರುಳಿಸುತ್ತ ಹೇಳಿದಳು, “ವಿಜಾಪುರದ ಕಡೆಯವರು ಯಾರಾದರೂ ಬಂದರೆ ಕೇಳಿ ಅನ್ನುತ್ತಿದ್ದರು. ಅಲ್ಲಿ ಒಬ್ಬ ಅಕ್ಕ ಇದ್ದಾಳೆ, ಮದುವೆ ಸೀರೆಯವಳು, ಹೇಗಿದ್ದಾಳೆ ಅಂತ. ಎಲ್ಲಿ ಅಂತ ಹುಡುಕೋದು ಅಜ್ಜಾ, ವಿಜಾಪುರ ಏನು ಸಣ್ಣದಾ?”

ಔಷಧ ಏರತೊಡಗಿತು. ಅವಳು ನನ್ನ ಮುಖ ನೋಡುತ್ತಿದ್ದಳು. ಆ ನೋಟ ನನಗೆ ತಡೆಯಲಾಗಲಿಲ್ಲ. ಗೋಡೆಯ ಕಡೆ ಹೊರಳಿದೆ.

“ಅಜ್ಜಾ, ಈ ಕಡೆ ತಿರುಗಿ. ನಾನು ಮುಖ ನೋಡಬೇಕು.”

ತಿರುಗಿದೆ. ನನ್ನ ಕಣ್ಣು ತುಂಬಿದ್ದನ್ನು ಕಂಡು ಅವಳ ಹೆಬ್ಬೆರಳು ನಿಂತಿತು.

“ಏನಾಗುತ್ತಿದೆ? ಉರಿಯುತ್ತಾ? ದಮ್ಮು ಬರುತ್ತಾ?”

“ಕಾಹೀ ನಾಹೀ,” ಎಂದೆ. ಅವೇ ಎರಡು ಶಬ್ದ.

ಅವಳು ನಂಬಲಿಲ್ಲ. ಹೆಬ್ಬೆರಳು ಒತ್ತಲಿಲ್ಲ. ಹಾಗೇ ಕೂತು ಕಾದಳು. ಚೆನ್ನಾಗಿ ಕಲಿಸಿದ್ದಾರೆ ಎಂದುಕೊಂಡೆ.

“ಔಷಧದ್ದಲ್ಲ ಮಗಳೇ,” ಎಂದೆ ಕೊನೆಗೆ. “ನಿನ್ನ ಸಿಸ್ಟರ್ ಹೆಸರೇನು?”

ಹೇಳಿದಳು. ಅಷ್ಟು ವರ್ಷ ಆ ಬಿಲ್ಲೆಯ ಮೇಲೆ ಇದ್ದ ಹೆಸರು. ಸಣ್ಣದು, ಓದಲು ಒಂದು ಗಳಿಗೆ ಸಾಕಿತ್ತು.

ಜ್ವರ ಬಿಟ್ಟಿದೆ. ಕೋಣೆಗೆ ಮರಳಿದ್ದೇನೆ. ಅಕ್ಕ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿದೆ, ಫೋನು ಎತ್ತಿಕೊಳ್ಳುವವರಿಲ್ಲ. ಆದರೂ ಹೇಳಬೇಕು. ಅಕ್ಕಾ, ಹೋಳಿಗಿ ನಾ ಅಕಿಗೆ ಒಮ್ಮೆನೂ ಕೊಡಲಿಲ್ಲ. ತಪ್ಪಾತು ಅಂತನೂ ಅನ್ನಲಿಲ್ಲ. ಅಕಿ ಹೆಸರು ಶಾಲಿನಿ.